ಬ್ರೇಕ್ ದೀಪದ ಹಿಂದೆ ಹಿಡಿದ ಅಂಗೈ

ನಮ್ಮತ್ತೆಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುವ ಚರ್ಮ. ಆ ಬೆರಳನ್ನು ಬೈಕಿನ ಟಯರಿಗೆ ಒತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಗಾಳಿ ಕಮ್ಮಿ ಐತೆ" ಎಂದೋ "ಪರ್ವಾಗಿಲ್ಲ, ನಡಿ" ಎಂದೋ ತೀರ್ಪು ಕೊಡುತ್ತಿದ್ದರು. ಪಂಕ್ಚರ್ ಅಂಗಡಿಯವನು ಮೀಟರಿಟ್ಟು ನೋಡಿದರೂ ಅದೇ ಬರುತ್ತಿತ್ತು. ಉಗುರು ಏನಾಯಿತೆಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ರಾಗಿ ಕೊಯ್ವಾಗ ಕುಡ್ಲು ತಗಲ್ತು" ಎಂದು ಮಾತು ಮುಗಿಸಿದ್ದರು. ನಾನೂ ನಂಬಿದ್ದೆ.

ನನ್ನ ತವರು ಆನೇಕಲ್ ಕಡೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಲ್ಲೇ ಬೈಸಿಕೊಂಡವಳು ನಾನು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ, ಸಿಟ್ಟಂತೂ ಮೂಗಿನ ತುದಿಯಲ್ಲೇ. ಸೇರಿದ್ದು ತಮಿಳುನಾಡಿನ ಗಡಿಯೊಳಗೆ, ತಳಿ ಎಂಬ ಊರಿನಿಂದ ಗುಮ್ಮಳಾಪುರದ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಊರಿನ ಮನೆಗೆ. ಮನೆ ಮುಂದೆ ಸೇವಂತಿಗೆ ತೋಟ, ಹಿಂದೆ ರಾಗಿ ಹೊಲ. ಗಂಡನಿಗೆ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಕಂಪನಿಯ ವ್ಯಾನು ತಳಿಗೇ ಬರುತ್ತಿತ್ತು. ನನಗೆ ಸಿಕ್ಕಿದ್ದು ಇನ್ನೊಂದು ಫ್ಯಾಕ್ಟರಿಯಲ್ಲಿ. ಗಾಡಿಗಳ ಬ್ರೇಕಿಗೆ ಬೇಕಾದ ಬಿಡಿಭಾಗಗಳನ್ನು ಒಂದೊಂದೇ ಎತ್ತಿ, ಬಿರುಕು ಇದೆಯೇ ಎಂದು ನೋಡಿ ಪಾಸು ಮಾಡುವ ಕೆಲಸ. ನಮಗೆ ವ್ಯಾನಿರಲಿಲ್ಲ. ಬಸ್ಸನ್ನು ನಂಬಿದರೆ ಎಂಟು ಗಂಟೆಯ ಶಿಫ್ಟ್ ಸಿಗುತ್ತಿರಲಿಲ್ಲ. ಹಾಗಾಗಿ ಮನೆಯ ಬೈಕನ್ನೇ ಕಲಿತೆ. ಸೀರೆಯವರು ಚೂಡಿದಾರದವರು ಎಲ್ಲ ಸ್ಕೂಟರಿನಲ್ಲಿ ಹೋಗುವಾಗ ನಾನೊಬ್ಬಳು ಗೇರ್ ಹಾಕಿಕೊಂಡು ಹೋಗುತ್ತಿದ್ದೆ. ಊರು ಒಂದು ವಾರ ನೋಡಿತು, ಆಮೇಲೆ ಸುಮ್ಮನಾಯಿತು.

ಸುಮ್ಮನಾಗದವರು ನಮ್ಮತ್ತೆ ಒಬ್ಬರೇ. ಬೇಡ ಎನ್ನಲಿಲ್ಲ, ಅದು ಬೇರೆ ಮಾತು. ಆದರೆ ದಿನಾ ಬೆಳಿಗ್ಗೆ ಬೈಕಿನ ಸುತ್ತ ಒಂದು ಸುತ್ತು ಹಾಕದೆ ನಾನು ಹತ್ತುವ ಹಾಗಿರಲಿಲ್ಲ. ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನಮ್ಮ ಮಾವ ಹೂವಿನ ಮೂಟೆ ಹೇರಿಕೊಂಡು ಹೊಸೂರು ಮಾರ್ಕೆಟ್ಟಿಗೆ ಹೋಗುವಾಗ ಹಿಂದೆ ಕೂತು ಕೂತೇ ಕಲಿತದ್ದೆಲ್ಲ. ಮಾವ ಗಾಡಿಯಿಂದ ಬಿದ್ದು ತೀರಿಕೊಂಡರೆಂದು ನನಗೆ ಗೊತ್ತಿತ್ತು. ಅದಾದ ಮೇಲೆ ಅತ್ತೆ ಯಾರ ಬೈಕೂ ಹತ್ತಿದವರಲ್ಲ.

ಮೊದಲು ನೆಲ ನೋಡುತ್ತಿದ್ದರು. ಗಾಡಿ ನಿಂತ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿದೆಯೇ ಎಂದು ಬಗ್ಗಿ, ಮಣ್ಣು ಮುಟ್ಟಿ ಮೂಸಿ ನೋಡುವುದು. ಆಮೇಲೆ ಟಯರು, ಸಂದಿಯಲ್ಲಿ ಸಿಕ್ಕಿದ ಕಲ್ಲನ್ನು ಸೌದೆ ಚಕ್ಕೆಯಿಂದ ಕೀಳುವುದು. ಚೈನನ್ನು ಎರಡು ಬೆರಳಲ್ಲಿ ಎತ್ತಿ ಇಳಿಸಿ, "ಜೋತು ಬಿದ್ದೈತೆ, ಭಾನ್ವಾರ ಬಿಗಿ ಮಾಡ್ಸು" ಎನ್ನುವುದು. ಕ್ಲಚ್ ಹಿಡಿ, ಹಾರನ್ ಹೊಡಿ, ಹೆಲ್ಮೆಟ್ಟಿನ ಪಟ್ಟಿ ಕಟ್ಟು. ಕೊನೆಗೆ ಬೈಕಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ದೀಪದ ಹತ್ತಿರ ಅಂಗೈ ಹಿಡಿದು, "ಬ್ರೇಕ್ ತುಳಿ" ಎನ್ನುತ್ತಿದ್ದರು. ನಾನು ತುಳಿದಾಗ ಮಂಜಿನಲ್ಲಿ ಅವರ ಅಂಗೈ ಕೆಂಪಾಗುತ್ತಿತ್ತು. "ಹೂಂ" ಎಂದು ಎದ್ದು, ಎತ್ತಿನ ಬೆನ್ನು ತಟ್ಟುವ ಹಾಗೆ ಸೀಟನ್ನು ಎರಡು ಸಲ ತಟ್ಟುತ್ತಿದ್ದರು. ಅದಾದ ಮೇಲೆಯೇ ನನಗೆ ಬಿಡುಗಡೆ.

ನನಗೋ ಅವಸರ. ಕೈಯಲ್ಲಿ ಊಟದ ಡಬ್ಬಿ, ಕಣ್ಣು ಗಡಿಯಾರದ ಮೇಲೆ, ಇವರು ಮಣ್ಣು ಮೂಸುತ್ತಾ ಕೂತಿದ್ದಾರೆ!

"ಅತ್ತಮ್ಮ, ನಿನ್ನೆ ತಾನೇ ನೋಡಿದ್ವಲ್ಲ. ರಾತ್ರಿ ಎದ್ದು ಅದೇನು ಊರು ಸುತ್ತಿ ಬಂತಾ?"

"ಕೆಟ್ಟೈತೆ ಅಂತಲ್ಲ ಕಣಮ್ಮಾ ನೋಡೋದು. ಸರಿ ಐತೆ ಅಂತ ಗೊತ್ತಾಗ್ಲಿ ಅಂತ ನೋಡೋದು."

"ನಿಮ್ಮಿಂದ ನನ್ನ ಕೆಲ್ಸ ಹೋಗುತ್ತೆ ನೋಡಿ ಒಂದಿನ."

"ಹೋಗ್ಲಿ ಬಿಡು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ನೀನು ಹೆಂಗಸು, ನಿಂಗೆ ಇನ್ನಷ್ಟು ಮಟ್ಟ" ಎಂದು ಹಲ್ಲು ಬಿಟ್ಟು ನಗುತ್ತಿದ್ದರು. ಅವರ ನಗು ಕಂಡರೆ ನನ್ನ ಮೈ ಉರಿಯುತ್ತಿತ್ತು, ನಿಜ ಹೇಳುತ್ತೇನೆ.

ನನ್ನ ಉರಿಗೆ ಕಾರಣವಿತ್ತು. ನಾನಿನ್ನೂ ಕಾಂಟ್ರಾಕ್ಟ್ ಕೆಲಸದವಳು. ತಿಂಗಳಲ್ಲಿ ಮೂರು ಸಲ ತಡವಾದರೆ ಗೇಟಿನಿಂದಲೇ ವಾಪಸ್ಸು, ಮತ್ತೆ ಕರೆಯುವುದಿಲ್ಲ. ಆಯುಧಪೂಜೆ ಬಂದ ಆ ತಿಂಗಳು ಎರಡು ಸಲ ಆಗಲೇ ತಡವಾಗಿತ್ತು.

ಹಬ್ಬಕ್ಕೆ ಬೈಕು ತೊಳೆದವಳು ನಾನೇ. ತೊಳೆದದ್ದು ಸಾಲದೆಂದು ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಟ್ಯಾಂಕು, ಮಡ್‌ಗಾರ್ಡು, ಸೈಲೆನ್ಸರು ಎಲ್ಲ ಒರೆಸಿ ಫಳಫಳ ಹೊಳೆಯಿಸಿದೆ. ನಮ್ಮ ಕಡೆ ಎಲ್ಲರೂ ಮಾಡುವುದೇ. ಹೊಳೆಯಿಸುವ ಹುಮ್ಮಸ್ಸಿನಲ್ಲಿ ಮುಂದಿನ ಚಕ್ರದ ಡಿಸ್ಕನ್ನೂ, ಅಂದರೆ ಬ್ರೇಕು ಕಚ್ಚಿ ಹಿಡಿಯುವ ಆ ತೂತು ತೂತಿನ ತಟ್ಟೆಯನ್ನೂ, ಎರಡೂ ಕಡೆ ಚೆನ್ನಾಗಿ ಉಜ್ಜಿದೆ. ಬ್ರೇಕಿನ ಸಾಮಾನು ನೋಡಿ ನೋಡಿ ಸಂಬಳ ತಗೊಳ್ಳುವವಳು! ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ನಿಂಬೆಹಣ್ಣು ತುಳಿಸಿ ನಿಲ್ಲಿಸಿದೆವು. ಎರಡು ದಿನ ರಜೆ.

ಮೂರನೆಯ ದಿನ ಬೆಳಿಗ್ಗೆ ಎದ್ದದ್ದೇ ತಡವಾಗಿ. ಕಾಲಿಗೆ ಬೆಂಕಿ ಬಿದ್ದವಳ ಹಾಗೆ ಓಡಿ ಬಂದು ಹಾರ ಕಿತ್ತೆಸೆದು ಕೀ ಹಾಕಿದೆ. ಅತ್ತೆ ಕೀ ತಿರುಗಿಸಿ ತೆಗೆದುಕೊಂಡರು.

"ನಾಕ್ ಹೆಜ್ಜೆ ತಳ್ಕೊಂಡು ಹೋಗಿ ಮುಂದಿನ ಬ್ರೇಕ್ ಹಿಡಿ."

"ಅತ್ತಮ್ಮ, ಇವತ್ತೊಂದಿನ ಬಿಟ್ಬುಡಿ, ಕಾಲಿಗೆ ಬೀಳ್ತೀನಿ!"

"ಹಬ್ಬ ಆದ್ಮೇಲೆ ಯಾವ ಗಾಡೀನೂ ನಂಬಬಾರ್ದು. ತಳ್ಳು."

ಹಲ್ಲು ಕಚ್ಚಿಕೊಂಡು ತಳ್ಳಿದೆ. ನಮ್ಮ ಅಂಗಳ ಇಳಿಜಾರು. ಬ್ರೇಕ್ ಹಿಡಿದೆ, ಬೈಕು ಹೋಗುತ್ತಲೇ ಇತ್ತು. ಇನ್ನೂ ಬಿಗಿಯಾಗಿ ಹಿಡಿದೆ, ಹೋಗುತ್ತಲೇ ಇತ್ತು. ನನ್ನನ್ನೂ ಎಳೆದುಕೊಂಡು ಹೋಗಿ ತಿಪ್ಪೆಗೆ ಗುದ್ದಿ ನಿಂತಿತು. ಅತ್ತೆ ಬಂದು ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿದರು. ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಕೊಬ್ಬರಿ ಎಣ್ಣೆ.

ತಳಿ ದಾಟಿದ ಮೇಲಿನ ಇಳಿಜಾರು ತಿರುವು ಕಣ್ಣ ಮುಂದೆ ಬಂತು. ಜೊತೆಗೇ ಫ್ಯಾಕ್ಟರಿಯ ಗೇಟೂ ಕಂಡಿತು, ಅಳು ಬಂತು. ಮೂರನೇ ಸಲ. ಮುಗೀತು ನನ್ನ ಕೆಲಸ.

ಅತ್ತೆ ಸೋಪಿನ ನೀರು ತಂದು ಡಿಸ್ಕನ್ನು ತಿಕ್ಕಿದರು. ಒಳಗಿನ ಪ್ಯಾಡೂ ಎಣ್ಣೆ ಕುಡಿದಿತ್ತು, ಅದು ತೊಳೆದರೆ ಹೋಗುವಂಥದ್ದಲ್ಲ. ಹಿಂದಿನ ಬ್ರೇಕನ್ನೇ ನಂಬಿ ಮೆಲ್ಲಗೆ ತಳಿಯ ಮೆಕ್ಯಾನಿಕ್ ಮನೆವರೆಗೆ ಹೋಗಬೇಕಿತ್ತು. ನಾನು ಹತ್ತಿದೆ. ಹಿಂದೆ ಸೀಟು ಕುಸಿದ ಹಾಗಾಯಿತು. ತಿರುಗಿ ನೋಡಿದರೆ ಅತ್ತೆ, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದಾರೆ. ಕೈಯಲ್ಲಿ ಆ ಎಣ್ಣೆ ಬಟ್ಟೆ.

"ನಡಿ. ಗೇಟಲ್ಲಿ ನಾನ್ ಮಾತಾಡ್ತೀನಿ."

ದಾರಿಯುದ್ದಕ್ಕೂ ಅವರು ನನ್ನ ಭುಜ ಬಿಡಲಿಲ್ಲ. ಮೆಕ್ಯಾನಿಕ್ಕನ್ನು ಎಬ್ಬಿಸಿ ಪ್ಯಾಡು ಬದಲಾಯಿಸಿಕೊಂಡು ಹೊಸೂರು ಮುಟ್ಟುವಾಗ ಒಂಬತ್ತು ದಾಟಿತ್ತು. ನಮ್ಮ ಸೂಪರ್‌ವೈಸರ್ ತಮಿಳಿನವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. "ಎನ್ನಮ್ಮಾ, ಮತ್ತೆ ಲೇಟಾ?" ಎಂದು ಗೇಟಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆ ಬಟ್ಟೆಯನ್ನು ಅವರ ಮುಂದೆ ಹಿಡಿದರು.

"ನೋಡಪ್ಪ, ಈ ಎಣ್ಣೆ ಬ್ರೇಕಿಗೆ ಬಿದ್ದಿತ್ತು. ಹೋಗ್ಲಿ ಅಂತ ಕಳ್ಸಿದ್ರೆ ಇವ್ಳು ಎಂಟು ಗಂಟೆಗೇ ಬರೋಳು, ಇಲ್ಲಾಂದ್ರೆ ಬರ್ತಾನೇ ಇರ್ಲಿಲ್ಲ. ನಿಮ್ಮತ್ರ ದಿನಕ್ಕೆ ಸಾವ್ರ ಬ್ರೇಕು ನೋಡ್ತಾಳಂತೆ. ಒಂದು ನೋಡ್ದೆ ಬಿಟ್ರೆ ಸುಮ್ನಿರ್ತೀರಾ? ನಿಮ್ಗೆ ಸಾವ್ರ ಐತೆ. ನಮ್ಮನೇಗೆ ಇವ್ಳೊಬ್ಳೇ."

ಸೂಪರ್‌ವೈಸರ್ ಬಟ್ಟೆಯನ್ನು ಮೂಸಿದರು. ನನ್ನ ಮುಖ ನೋಡಿದರು. "ಬ್ರೇಕ್ ಇನ್ಸ್‌ಪೆಕ್ಷನ್‌ನವಳು ಡಿಸ್ಕಿಗೆ ಎಣ್ಣೆ ಹಾಕಿದಳಾ?" ಎಂದು ಹಣೆ ಚಚ್ಚಿಕೊಂಡು, "ಒಳಗೆ ಹೋಗು ತಾಯೀ, ಮೊದಲು ಹೋಗು" ಎಂದರು. ನನ್ನ ಕೆಲಸ ಉಳಿಯಿತು. ಅತ್ತೆ ಬಸ್ಸಿನಲ್ಲಿ ವಾಪಸಾದರು.

ಆ ಸಂಜೆ ಹೂ ಬಿಡಿಸುತ್ತಾ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ತಾವಾಗಿಯೇ ಹೇಳಿದರು.

"ನಿಮ್ಮಾವ ದಿನಾ ಗಾಡಿ ಸುತ್ತ ನೋಡೋರು. ಆವತ್ತು ಹೂವ ಬಾಡೋಗ್ತೈತೆ, ಮಾರ್ಕೆಟ್ ಮುಗ್ದೋಗ್ತೈತೆ ಅಂತ ನಾನೇ ಅವಸ್ರ ಮಾಡ್ದೆ. ಬಿರ್ನೆ ನಡೀರಿ, ದಿನಾ ಅದೇನ್ ನೋಡ್ತೀರಿ ಅಂದೆ. ಈಗ ನೀನು ಅಂತೀಯಲ್ಲ, ಅದೇ ಮಾತು. ಚೈನು ಜೋತು ಬಿದ್ದಿತ್ತು. ತಿರುವಿನಾಗೆ ಕಳಚ್ಕೊಂಡು ಚಕ್ರಕ್ಕೆ ಸಿಕ್ಕಾಕ್ಕಂತು. ಅವ್ರ ಕಾಲು ಅದ್ರೊಳಗೆ. ನಾನು ಬಿಡ್ಸೋಕೆ ಹೋದೆ."

ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು ಮತ್ತೆ ಹೂವಿಗೆ ಕೈ ಹಾಕಿದರು. ಕುಡುಗೋಲಿನ ಕತೆ ಸುಳ್ಳೆಂದು ನನಗೆ ಆಗ ತಿಳಿಯಿತು.

ಅಂದಿನಿಂದ ನಾನು ವಾದ ಮಾಡುವುದನ್ನು ಬಿಟ್ಟೆ. ಚಡಪಡಿಕೆ ಮಾತ್ರ ಬಿಡಲಿಲ್ಲ. ಹುಟ್ಟುಗುಣ, ಎಲ್ಲಿ ಹೋಗುತ್ತದೆ?

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಗಂಡ ಡ್ಯೂಟಿಯಲ್ಲಿದ್ದಾಗ, ಅತ್ತೆ ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಉಸಿರು ಸಿಗುತ್ತಿಲ್ಲ, ಮೈಯೆಲ್ಲ ಬೆವರು. ಆಂಬುಲೆನ್ಸು ದೂರದಲ್ಲಿತ್ತು, ಮುಕ್ಕಾಲು ಗಂಟೆ ಆಗುತ್ತದೆಂದರು. ಊರಿನ ಜೀಪು ಮದುವೆಗೆ ಹೋಗಿತ್ತು. ಪಕ್ಕದ ಮನೆ ಅಕ್ಕನನ್ನು ಕೂಗಿದೆ. ಅತ್ತೆಯನ್ನು ನಡುವೆ ಕೂರಿಸಿ, ಅಕ್ಕ ಹಿಂದೆ ಹಿಡಿದುಕೊಂಡರೆ ತಳಿ ಆಸ್ಪತ್ರೆ ಹತ್ತಿರವೇ. ಕೀ ಹಾಕಿದೆ.

ಅತ್ತೆ ಕೈ ಎತ್ತಿದರು. ಮಾತು ಬರುತ್ತಿರಲಿಲ್ಲ. ಟಯರು ತೋರಿಸಿದರು.

"ಅಯ್ಯೋ ಅತ್ತಮ್ಮ, ಈಗಲೂನಾ! ನಿಮ್ ಜೀವ ಹೋಗ್ತೈತೆ!" ಎಂದು ಕಿರುಚಿದೆ. ಅವರು ಹತ್ತಲಿಲ್ಲ. ಕಂಬ ಹಿಡಿದುಕೊಂಡು ಹಾಗೇ ನೋಡುತ್ತಿದ್ದರು. ಅಳುತ್ತಾ, ಬೈಯುತ್ತಾ, ಸುತ್ತು ಹಾಕಿದೆ. ನೆಲ ನೋಡಿದೆ, ಟಯರು ಒತ್ತಿದೆ, ಚೈನು ಎತ್ತಿದೆ. ಮೋಡ ಮುಚ್ಚಿತ್ತು, ಬೈಕು ನಿಲ್ಲಿಸುವ ತಗಡಿನ ಶೀಟಿನ ಕೆಳಗೆ ಕತ್ತಲೆ. ಬ್ರೇಕ್ ತುಳಿದು ತಿರುಗಿ ನೋಡಿದೆ. ಜಗಲಿಯಿಂದ ಬಗ್ಗಿ ಅವರು ಅಂಗೈ ಚಾಚಿದ್ದರು. ಅದು ಕೆಂಪಾಗಿತ್ತು.

ಗಾಡಿಯಲ್ಲಿ ಏನೂ ಕೆಟ್ಟಿರಲಿಲ್ಲ. ಎಲ್ಲ ಸರಿಯಿತ್ತು.

ಅದೇ, ಆ ಸುತ್ತಿಗೆ ಹೋದ ಮೂರು ನಿಮಿಷವೇ, ನನ್ನನ್ನು ಇಂದಿಗೂ ಕೊರೆಯುವುದು. ತಳಿಯಲ್ಲಿ ಇಂಜೆಕ್ಷನ್ ಕೊಟ್ಟು ಹೊಸೂರಿಗೆ ಕಳಿಸಿದರು. "ಮೂರು ನಿಮಿಷ ಮೊದಲೇ ಬಂದಿದ್ದರೆ?" ಎಂದು ಡಾಕ್ಟರನ್ನು ಕೇಳಿದೆ. "ಅದನ್ನೆಲ್ಲ ಹೇಳಕ್ಕಾಗಲ್ಲಮ್ಮ" ಎಂದರು. ಮೂರು ದಿನ ಆಸ್ಪತ್ರೆಯ ಆ ಮೂಲೆಯಿಂದ ಈ ಮೂಲೆಗೆ ನಡೆದೆ. ಎರಡನೆಯ ದಿನ ಅತ್ತೆ ಕಣ್ಣು ಬಿಟ್ಟು ಹತ್ತಿರ ಕರೆದರು.

"ಮೂರ್ ನಿಮಿಷದ ಲೆಕ್ಕ ಹಾಕ್ತಿದೀಯಂತೆ. ಬಿಟ್ಬುಡು. ನನ್ನ ಜೀವ ಉಳ್ಯೋದು ಹೋಗೋದು ನಿನ್ ಕೈಲಿರ್ಲಿಲ್ಲ. ದಾರೀಲಿ ಏನಾರ ಆಗಿದ್ದಿದ್ರೆ, ನೋಡ್ದೆ ಹತ್ಬುಟ್ನಲ್ಲ ಅಂತ ನೀನೂ ನನ್ನಂಗೇ ಆಗೋಗ್ತಿದ್ದೆ. ಅದೊಂದು ಬ್ಯಾಡ ಅಂತ ಸುತ್ತು ಹಾಕ್ಸಿದೆ ಕಣಮ್ಮಾ."

ಆಮೇಲೆ ಉಗುರಿಲ್ಲದ ಹೆಬ್ಬೆರಳನ್ನು ನನ್ನ ತೋಳಿಗೆ ಒತ್ತಿ ಕಣ್ಣು ಮುಚ್ಚಿದರು. "ಗಾಳಿ ಕಮ್ಮಿ ಐತೆ. ಹೋಗಿ ಏನಾರ ತಿನ್ನು" ಎಂದರು. ನನ್ನ ಜೊತೆ ಆಡಿದ ಕಡೆಯ ಮಾತು ಅದೇ. ಮರುದಿನ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದು ಕೆಲಸಕ್ಕೆ ಹೊರಟ ದಿನ ನೆಲ ನೋಡಿದೆ, ಟಯರು, ಚೈನು ನೋಡಿದೆ. ಬ್ರೇಕ್ ತುಳಿದು ಹಿಂದೆ ಓಡಿದೆ. ನಾನು ತಲುಪುವಷ್ಟರಲ್ಲಿ ದೀಪ ಆರಿತ್ತು. ಇನ್ನೂ ಜೋರಾಗಿ ಓಡಿದೆ. ಆರಿತ್ತು. ತುಳಿಯುವುದಕ್ಕೊಬ್ಬರು, ನೋಡುವುದಕ್ಕೊಬ್ಬರು ಬೇಕಾದ ಕೆಲಸ ಅದು ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಬೈಕಿನ ಹಿಂದೆ, ಅವರು ಕೂರುತ್ತಿದ್ದ ಜಾಗದಲ್ಲೇ ಕೂತು ಅತ್ತುಬಿಟ್ಟೆ. ಆವತ್ತು ಶಿಫ್ಟಿಗೆ ತಡವಾಯಿತು.

ಈಗ ಬೈಕನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸುತ್ತೇನೆ. ಬ್ರೇಕ್ ತುಳಿದರೆ ಸುಣ್ಣದ ಗೋಡೆಯ ಮೇಲೆ ಕೆಂಪು ಬೀಳುತ್ತದೆ. ದೀಪ ಉರಿಯುತ್ತಿದೆ ಎಂದು ಗೊತ್ತಾಗಲು ಅಷ್ಟು ಸಾಕು. ಆದರೂ, ಎಂಥ ಅವಸರದಲ್ಲಿದ್ದರೂ, ಯಾರೋ "ಹೂಂ" ಎನ್ನಲಿ ಎಂದು ಕಾಯುವವಳ ಹಾಗೆ ಒಂದು ಗಳಿಗೆ ಹೆಚ್ಚೇ ತುಳಿದುಕೊಂಡು ನಿಲ್ಲುತ್ತೇನೆ.