ಗಂಗಮ್ಮನ ಕಲ್ಲಿಗೆ ಆರುನೂರು ಹೆಜ್ಜೆ

2023ರಲ್ಲಿ ಗಾಂಧಿ ಜಯಂತಿ ಸೋಮವಾರ ಬಂದಿತ್ತು. ಶನಿವಾರದಿಂದ ಆ ಸೋಮವಾರದವರೆಗೆ ನಾನು, ನನ್ನ ಎಂಟು ವರ್ಷದ ಮಗಳು, ಅಮ್ಮ ಮತ್ತು ಬಾವ ದಿಬ್ಬೂರಹಳ್ಳಿ ಹತ್ತಿರದ ನಮ್ಮೂರ ಕೆರೆಯಲ್ಲಿ ಹಾಯಿ ದೋಣಿಯಲ್ಲಿ ತಿರುಗಾಡಿದೆವು. ಮೂರನೇ ದಿನ ಅಮ್ಮ ನಡುಕೆರೆಯಲ್ಲಿ ದೋಣಿಯಿಂದ ಇಳಿಯಲು ಹೋದಳು.

ದೋಣಿ ಬಾವನದು, ಅಂದರೆ ನನ್ನ ಅಕ್ಕನ ಗಂಡನದು. ಕೆರೆಯ ಮೀನು ಗುತ್ತಿಗೆ ಅವರೇ ಹಿಡಿದಿದ್ದರು. ಹಿಂದೆ ಕರಾವಳಿಯಲ್ಲಿ ಮೀನಿನ ಲಾರಿ ಓಡಿಸುತ್ತಿದ್ದಾಗ ಹಾಯಿ ಕಟ್ಟುವುದನ್ನು ನೋಡಿದ್ದರಂತೆ. ಫೈಬರ್ ದೋಣಿಗೆ ಬಿದಿರಿನ ಗಳ ನಿಲ್ಲಿಸಿ, ಹಳೇ ಟಾರ್ಪಾಲಿನ್ ಬಿಗಿದಿದ್ದರು. ಅಕ್ಕ ಅದನ್ನು ನೋಡಿಯೇ ಕೆರೆ ಏರಿಯ ಮೇಲೇ ಉಳಿದಳು. ನಮ್ಮಲ್ಲಿ ಬಾವನೊಬ್ಬರನ್ನು ಬಿಟ್ಟರೆ ಯಾರಿಗೂ ಈಜು ಬರುವುದಿಲ್ಲ. ನಾನು ಬೆಳೆಯುವಾಗ ಕೆರೆಯಲ್ಲಿ ನೀರೇ ಇರಲಿಲ್ಲ. ಅದು ಕುರಿ ಮೇಯುವ ಬಯಲಾಗಿತ್ತು. ಕೆರೆ ತುಂಬಿ ಆಗ ಎರಡು ವರ್ಷವಾಗಿತ್ತು.

ಲೈಫ್ ಜಾಕೆಟ್ ಎರಡೇ ಇದ್ದವು. ಒಂದನ್ನು ಮಗಳಿಗೆ ಹಾಕಿದೆವು. ಇನ್ನೊಂದನ್ನು ಅಮ್ಮ ಬಿಚ್ಚಿ, ಮಡಚಿ, ಅದರ ಮೇಲೆ ಕೂತಳು.

ಮೊದಲ ಎರಡು ದಿನ ಗಾಳಿ ಮೆತ್ತಗಿತ್ತು. ಮುಳುಗಿದ ಜಾಲಿ ಮರಗಳ ತುದಿಗಳು ಮಾತ್ರ ಮೇಲೆ ಕಾಣುತ್ತಿದ್ದವು. ಬಗ್ಗಿ ನೋಡಿದರೆ ಕೊಂಬೆಗಳ ನಡುವೆ, ಹಿಂದೆ ಗುಬ್ಬಿ ಕೂರುತ್ತಿದ್ದ ಕಡೆ, ಮೀನು ಸುಳಿಯುತ್ತಿದ್ದವು. ಅಮ್ಮ ನೀರಿನ ಮೇಲೆ ಬೆರಳು ಚಾಚಿ, ಇದು ಗಾಡಿ ಜಾಡು, ಇಲ್ಲಿ ಕಲ್ಲಂಗಡಿ ಹಾಕಿದ್ದರು, ಇಲ್ಲಿ ನಿನ್ನ ಚಪ್ಪಲಿ ಕಿತ್ತುಹೋಗಿತ್ತು ಎಂದು ಹೇಳುತ್ತಾ ಹೋಗುತ್ತಿದ್ದಳು.

“ಅಜ್ಜಿ, ನೀರೊಳಗೆ ಊರಿದ್ಯಾ?” ಎಂದು ಮಗಳು ಕೇಳಿದಳು.

“ಊರಿಲ್ಲ ಕಣಮ್ಮ. ದಾರಿ ಐತೆ.”

ಆ ದಾರಿ ಗಂಗಮ್ಮನ ಕಲ್ಲಿಗೆ ಹೋಗುತ್ತಿತ್ತು. ನನಗೆ ಮೂರು ವರ್ಷವಿದ್ದಾಗ ದಡಾರ ಎದ್ದು ಜ್ವರ ಇಳಿದಿರಲಿಲ್ಲ. ಬತ್ತಿದ ಕೆರೆಯ ನಡುವಿನ ಆ ಕಲ್ಲಿನ ಮುಂದೆ ನಿಂತು ಅಮ್ಮ ಹರಕೆ ಹೊತ್ತಿದ್ದಳು. ಮಗು ಉಳಿದರೆ, ಕೆರೆ ತುಂಬಿದ ಕಾಲಕ್ಕೆ ಬಾಗಿನ ತಂದು ನಿನ್ನ ನೆತ್ತಿಯ ಮೇಲೇ ಇಡುತ್ತೇನೆ ಗಂಗಮ್ಮ ಎಂದು. ಕೆರೆ ತುಂಬಿದಾಗ ಊರ ಹೆಂಗಸರೆಲ್ಲ ಏರಿಯಿಂದಲೇ ಬಾಗಿನ ಬಿಟ್ಟರು. ಅಮ್ಮ ಬಿಡಲಿಲ್ಲ. ಏರಿ ಮೇಲಿಂದ ಬಿಡುತ್ತೇನೆಂದು ತಾನು ಹೇಳಿಕೊಂಡಿಲ್ಲ ಎಂದಳು. ಕಲ್ಲಿನ ಮೇಲೆ ಆಗ ಮೂರು ಆಳಿನಷ್ಟು ನೀರಿತ್ತು.

ಸೋಮವಾರ ಬೆಳಿಗ್ಗೆ ಅಮ್ಮ ಮೊರದ ಬಾಗಿನ ಹಿಡಿದೇ ದೋಣಿ ಹತ್ತಿದಳು. ಏರಿಯ ತೂಬಿನಿಂದ ಕಲ್ಲಿಗೆ ನೇರಕ್ಕೆ ಆರುನೂರು ಹೆಜ್ಜೆ. ಕುರಿ ಹಿಂದೆ ನಡೆದು ನಡೆದು ಅವಳಿಗೆ ಬಾಯಿಪಾಠವಾಗಿತ್ತು. ದೋಣಿ ತೂಬು ಬಿಟ್ಟ ಕೂಡಲೇ ಅವಳು ಕೂತಲ್ಲೇ ಒಂದೊಂದೇ ಪಾದ ಎತ್ತಿ ಇಡುತ್ತಾ ಎಣಿಸತೊಡಗಿದಳು.

“ಅತ್ತೆ, ನೀವು ನಡೆದ್ರೆ ದೋಣಿ ನಡೆಯಲ್ಲ,” ಎಂದರು ಬಾವ.

“ನೀನು ನಿನ್ನ ಹಾಯಿ ನೋಡ್ಕೊಳಪ್ಪ. ನನ್ನ ಲೆಕ್ಕ ತಪ್ಪುತ್ತೆ.”

ಆಮೇಲೆ ಅಮ್ಮನ ಪಾದದ ಸದ್ದು, ಟಾರ್ಪಾಲಿನ್ ಉಬ್ಬುವ ಸದ್ದು, ಅಷ್ಟೇ. ಇನ್ನೂರು ದಾಟುವ ಹೊತ್ತಿಗೆ ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಬಿಸಿಲು ನೀರಿನ ಮೇಲೆ ಹುಲ್ಲಿನ ಹಾಗೆ ಅಲ್ಲಾಡುತ್ತಿತ್ತು. ನಾನು ಅವಳ ಸೆರಗು ಹಿಡಿದು ಹಿಂದೆ ನಡೆಯುತ್ತಿದ್ದೇನೆ ಅನ್ನಿಸಿತು.

“ಆರುನೂರು,” ಎಂದು ಅಮ್ಮ ಎದ್ದಳು. ಮೊರ ಸೊಂಟಕ್ಕಿಟ್ಟು, ಸೀರೆ ನೆರಿಗೆ ಎತ್ತಿ, ಎತ್ತಿನ ಗಾಡಿಯಿಂದ ಇಳಿಯುವ ಹಾಗೆ ಒಂದು ಕಾಲನ್ನು ಆಚೆ ಇಟ್ಟಳು. ಮೊಣಕಾಲವರೆಗೆ ನೀರೊಳಗೆ ಹೋಯಿತು. ದೋಣಿ ವಾಲಿತು. ನಾನು ಅವಳ ಸೊಂಟ ತಬ್ಬಿ ಹಿಂದಕ್ಕೆ ಎಳೆದೆ. ಬಾವ ಎದುರು ಬದಿಗೆ ಹಾರಿ ಕೂತು ದೋಣಿ ಸಮ ಮಾಡಿದರು. ಮಗಳು ಅಳಲೂ ಇಲ್ಲ, ಗಳವನ್ನು ಅಪ್ಪಿಕೊಂಡಿದ್ದಳು.

ನಾನು ಚುರುಕಾಗಿದ್ದೆ ಎಂದು ಬಾವ ಎಲ್ಲರಿಗೂ ಹೇಳಿದರು. ನಡೆದದ್ದು ಹಾಗಲ್ಲ. ಅವಳ ಹಿಂದೆ ಇಳಿಯಲು ನಾನೂ ಅರ್ಧ ಎದ್ದಿದ್ದೆ. ಅದಕ್ಕೇ ಅವಳು ಕೈಗೆ ಸಿಕ್ಕಳು.

ಅಮ್ಮ ಒದ್ದೆ ಕಾಲನ್ನು ಬಹಳ ಹೊತ್ತು ನೋಡಿದಳು. “ನೆಲ ಎಲ್ಲಿ ಹೋಯ್ತೇ ಸುಧಾ?” ಎಂದು ನನ್ನನ್ನು ಕೇಳಿದಳು, ಮೆಲ್ಲಗೆ.

ಬಾವ ಉದ್ದನೆಯ ಬಿದಿರನ್ನು ನೀರಿಗೆ ಇಳಿಬಿಟ್ಟರು. ತಳ ಸಿಗಲಿಲ್ಲ. ಅಮ್ಮ ಎರಡೂ ಕೈಯಿಂದ ಬಾಗಿನವನ್ನು ನೀರಿಗೆ ಬಿಟ್ಟಳು. ಅದು ಒಂದು ಸುತ್ತು ತಿರುಗಿ ಮುಳುಗಿತು. ಲೆಕ್ಕ ಸರಿಯಿದೆ, ಇದೇ ಜಾಗ ಎಂದಳು. ನಾವು ಹೂಂ ಅಂದೆವು.

ಈ ಬೇಸಿಗೆಯಲ್ಲಿ ನೀರು ಇಳಿದು ಗಂಗಮ್ಮನ ಕಲ್ಲು ಕಾಣಿಸಿತು. ಅಂದು ದೋಣಿ ನಿಂತದ್ದು ಆಚೆ ದಡದ ಈಚಲು ಮರಗಳ ಕಡೆಗೆ. ಕಲ್ಲು ಇರುವುದು ಅದಕ್ಕಿಂತ ಬಹಳ ಈಚೆಗೆ, ತೂಬಿನ ಕಡೆಗೆ. ಗಾಳಿ ಅವಳಿಗಿಂತ ಬೇಗ ನಡೆದಿತ್ತು. ಅಮ್ಮ ತೂಬಿನಿಂದ ಒಬ್ಬಳೇ ನಡೆದು ಹೋಗಿ ಅರಿಶಿನ ಕುಂಕುಮ ಹಚ್ಚಿ ಬಂದಳು. ಸಂಜೆ ಬಾವನಿಗೆ ಫೋನ್ ಮಾಡಿ, ಕೆರೆ ಮತ್ತೆ ಯಾವಾಗ ತುಂಬಬಹುದು ಎಂದು ಕೇಳಿದಳು.

ಹೋದ ವಾರದ ಮಳೆಗೆ ನೀರು ಕಲ್ಲಿನ ಬುಡ ಮುಟ್ಟಿದೆ.