ಎದುರು ಮನೆ ಅಕ್ಕನ ಬ್ಯಾಡ್ಮಿಂಟನ್ ಶೂ

ಕಳೆದ ವಾರ ಆದವಾನಿಯ ಅಂಗಡಿಯಲ್ಲಿ ಮಗಳಿಗೆಂದು ಬ್ಯಾಡ್ಮಿಂಟನ್ ಶೂ ತೆಗೆಸಿದೆ. ಡಬ್ಬಿಯ ಮುಚ್ಚಳ ಎತ್ತಿದ್ದೇ ತಡ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಎದುರು ಮನೆಯ ಅಕ್ಕ ನೆನಪಾದಳು... ಹಿಂದೆಯೇ ಹಳೆಯ ಸಿಟ್ಟೂ ನೆತ್ತಿಗೇರಿತು.

ಹತ್ತಿ ದಲಾಲಿ ಮನೆಯ ಮಗಳು ಆಕೆ, ಡಬಲ್ಸಿನಲ್ಲಿ ನನ್ನ ಜೋಡಿ. ಹತ್ತಿಯ ಸೀಸನ್ ಮುಗಿದ ಮೇಲೆ ಜಿನ್ನಿಂಗ್ ಮಿಲ್ಲಿನವರು ಖಾಲಿ ಗೋದಾಮಿನಲ್ಲಿ ಆಡಲು ಬಿಡುತ್ತಿದ್ದರು. ಎಷ್ಟು ಗುಡಿಸಿದರೂ ಸಿಮೆಂಟಿನ ಮೇಲೆ ಹತ್ತಿಯ ಧೂಳು ಉಳಿಯುತ್ತಿತ್ತು, ಅದು ಶೂವಿನ ಅಟ್ಟೆಗೆ ಮೆತ್ತಿದರೆ ಕಾಲು ಜಾರುತ್ತಿತ್ತು. ಅದಕ್ಕೇ ಗೆರೆಯಾಚೆ ತೊಯ್ದ ಗೋಣಿ ಹಾಸಿಡುತ್ತಿದ್ದೆವು. ಅಕ್ಕ ಅದರ ಮೇಲೆ ಗೂಳಿಯ ಹಾಗೆ ಕಾಲು ಕೆರೆದು ಬಂದು ಎದುರಾಳಿಯ ಎದೆಗೇ ಸ್ಮ್ಯಾಷ್ ಬಾರಿಸುತ್ತಿದ್ದಳು. ಪಾಪ ಗೀಪ ಏನೂ ಇಲ್ಲ.

ಆಕೆಯ ಶೂ ಬಳ್ಳಾರಿಯಿಂದ ತರಿಸಿದ್ದು. ಬಿಳಿ ಮೈ, ನೀಲಿ ಪಟ್ಟಿ, ಬೆಲ್ಲದ ಬಣ್ಣದ ಅಟ್ಟೆ. ಅಕ್ಕನದು ಅಗಲ ಪಾದ, ಬೇರೆ ಶೂಗಳೆಲ್ಲ ಕಿರುಬೆರಳು ಕಚ್ಚುತ್ತಿದ್ದವು. ಇದು ಮಾತ್ರ ಬೆರಳ ಹತ್ತಿರ ಸಡಿಲ, ಹಿಮ್ಮಡಿಗೆ ಬಿಗಿ. ಎಷ್ಟೇ ಜೋರಾಗಿ ಪಕ್ಕಕ್ಕೆ ಹಾರಿದರೂ ಕಾಲು ಹೊರಳಲು ಬಿಡುತ್ತಿರಲಿಲ್ಲ.

ಜಿಲ್ಲಾ ತಂಡದ ಆಯ್ಕೆ ಪಂದ್ಯ ಅದೇ ಗೋದಾಮಿನಲ್ಲಿ ನಡೆಯುವುದಿತ್ತು. ಹಿಂದಿನ ದಿನ ಗಂಡಿನವರು ಅಕ್ಕನನ್ನು ನೋಡಲು ಬಂದಿದ್ದರು, ಈಕೆ ಹಿತ್ತಲಿನಿಂದ ತಪ್ಪಿಸಿಕೊಂಡು ಆಡಲು ಬಂದಿದ್ದಳು. ಆಕೆಯ ಅಣ್ಣ ನುಗ್ಗಿ ಬಂದ. "ಮನ್ಯಾಗ ಬೀಗರು ಕುಂತಾರ, ನೀ ಇಲ್ಲಿ ಕುಣಿಯಾಕತ್ತೀಯೇನಲೇ!" ಜಡೆ ಹಿಡಿದು ನೆಲದ ಮೇಲೆ ದರದರ ಎಳೆದ. ಅಕ್ಕನ ಮೊಣಕೈ ತರಚಿ ಸಿಮೆಂಟಿನ ಮೇಲೆ ರಕ್ತದ ಗೆರೆ ಮೂಡಿತು. ಬಿದ್ದಲ್ಲೇ ಶೂ ಕಿತ್ತು ಆತನ ಮುಖಕ್ಕೆ ಬಾರಿಸಿದಳು. ಮೂಗು ಒಡೆಯಿತು, ಕೆನ್ನೆಯ ಮೇಲೆ ಅಟ್ಟೆಯ ಅಚ್ಚು ಮೂಡಿತು. ನಮ್ಮ ಕಡೆ ಕಪಾಳಕ್ಕೆ ಬಿದ್ದದ್ದನ್ನು ಮರೆತಾರು, ಕೆರದ ಏಟನ್ನು ಯಾರೂ ಮರೆಯುವುದಿಲ್ಲ.

ಸಂಜೆ ಹಿರಿಯರು ಕೂತರು. "ಅಣ್ಣನ ಕಾಲಿಗೆ ಬೀಳವ್ವ. ನಾಳೆ ಆಟಕ್ಕ ಆತನೇ ಕರ್ಕೊಂಡು ಹೋಗ್ತಾನ" ಎಂದರು ಆಕೆಯ ದೊಡ್ಡಪ್ಪ.

"ಜಡಿ ಹಿಡಿದು ಎಳದಾತ ಆತ. ಮೊದ್ಲು ಆತನೇ ಬೀಳ್ಲಿ."

ಅಣ್ಣ ಎದ್ದು ಹತ್ತಿ ಬೇಲಿನ ಕಟ್ಟು ಕೊಯ್ಯುವ ಚೂರಿ ತಂದ. ಎಲ್ಲರ ಮುಂದೆಯೇ ಆ ಶೂಗಳನ್ನು ಕೊಯ್ದು ಅಂಗಳಕ್ಕೆಸೆದ. ಕೋಳಿ ಕೊಯ್ಯುವಾಗಲೂ ಯಾರೂ ಅಷ್ಟು ಹಲ್ಲು ಕಡಿಯುವುದಿಲ್ಲ.

ಮರುದಿನ ಅಕ್ಕ ಮತ್ತೆ ಓಡಿ ಬಂದಳು, ಬರಿಗಾಲಲ್ಲಿ. ನನ್ನ ಶೂ ಕೊಟ್ಟೆ, ಅದರೊಳಗೆ ಆಕೆಯ ಪಾದ ಇಳಿಯಲೇ ಇಲ್ಲ. ಹಾಗೇ ಆಡಿದಳು. ಪಾದದ ಚರ್ಮ ಸುಲಿದರೂ ಎದುರಿನವರನ್ನು ಒಂದೇ ಸಮ ಬಡಿದಳು. ಗೆಲ್ಲುವ ಹೊತ್ತಿಗೆ ಪಕ್ಕಕ್ಕೆ ಹಾರಿದಳು. ಕಾಲು ಹೊರಳಿತು. ಲಟ್ ಎಂದ ಆ ಸದ್ದು... ಬೇಡ.

ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ ಅಣ್ಣನೇ ಓಡಿ ಬಂದು ಎತ್ತಿಕೊಂಡ. ಆಟೋವರೆಗೂ ಅಕ್ಕ ಆತನ ಮುಖ, ಎದೆ ಎನ್ನದೆ ಗುದ್ದುತ್ತಲೇ ಇದ್ದಳು. ಆತ ಕೆಳಗಿಳಿಸಲಿಲ್ಲ.

ಮೂಳೆ ಸೊಟ್ಟಗೇ ಕೂಡಿತು. ಅಕ್ಕ ಮತ್ತೆ ಆಡಲಿಲ್ಲ. ಕೌತಾಳಂಗೆ ಮದುವೆ ಮಾಡಿ ಕೊಟ್ಟರು. ಅಣ್ಣ ಹಬ್ಬಕ್ಕೆ ಕರೆಯಲು ಹೋದಾಗಲೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ.

ಹೋದ ವರ್ಷ ಕಾಮಾಲೆಯಿಂದ ತೀರಿಕೊಂಡಳು. ನಾನು ಹೋದಾಗ ಮಣ್ಣಿಗೆ ಒಯ್ಯುವ ಸಿದ್ಧತೆ ನಡೆದಿತ್ತು. ಅಣ್ಣ ಆಕೆಯ ಸೊಟ್ಟ ಪಾದಕ್ಕೆ ಹಣೆ ಒತ್ತಿ ಕೂತಿದ್ದ. ಹಿರಿಯವನು ತಂಗಿಯ ಕಾಲು ಮುಟ್ಟಬಾರದು ಎಂದು ಯಾರೋ ತೋಳು ಹಿಡಿದು ಎಳೆದರು, ಆತ ಬಿಡಲಿಲ್ಲ. ಎಲ್ಲರೂ ಅತ್ತರು. ನನಗೆ ಮಾತ್ರ ಆತನನ್ನು ಒದೆಯಬೇಕೆನಿಸಿತು.

"ಅಮ್ಮಾ, ಬೆರಳಿಗೆ ಜಾಗ ಐತಿ, ನೋಡು" ಎಂದು ಮಗಳು ಅಂಗಡಿಯ ನೆಲದ ಮೇಲೆ ಜಿಗಿದಳು. ನೋಡಿದೆ. ಅಕ್ಕನಿಗೆ ಹೇಳಬೇಕೆನಿಸಿತು... ಹೇಳಲು ಅಕ್ಕ ಇಲ್ಲ.