ಅಂಬುಜಾಳ ಜರ್ಮನ್ ಪಾಠ

ಅಗ್ರಹಾರದ ಆ ಸಣ್ಣ ಮನೆಯಲ್ಲಿ ಇದ್ದವರು ಇಬ್ಬರೇ ಹೆಂಗಸರು, ಮಂಗಳಮ್ಮ ಮತ್ತು ಅವರ ಸೊಸೆ ಅಂಬುಜಾ. ದೊಡ್ಡ ಮಗ ತೀರಿಕೊಂಡ ಮೇಲೆ ಅತ್ತೆ ಸೊಸೆಯರೇ ಒಬ್ಬರಿಗೊಬ್ಬರು ಆಸರೆ. ಊರಿನ ಒಂದು ಸಂಶೋಧನಾಲಯದ ಪುಸ್ತಕ ಭಂಡಾರದಲ್ಲಿ ಅಂಬುಜಾಳಿಗೆ ತಾತ್ಕಾಲಿಕವಾಗಿ ಕೆಲಸ ಸಿಕ್ಕಿತ್ತು. ೧೯೫೯ರ ಬೇಸಿಗೆಯಲ್ಲಿ ಅಲ್ಲಿನ ಮುಖ್ಯಸ್ಥರಾದ ಸುಂದರೇಶ ಅವಳನ್ನು ಕರೆದರು.

"ಜರ್ಮನಿಯಿಂದ ಪತ್ರಿಕೆಗಳು ರಾಶಿ ರಾಶಿ ಬರ್ತಿವೆ ಕಣಮ್ಮ. ಅಲ್ಲಿಂದ ವಿಜ್ಞಾನಿಗಳೂ ಬಂದು ಹೋಗ್ತಾರೆ. ಆ ಭಾಷೆ ಓದೋಕೂ ಮಾತಾಡೋಕೂ ಬರೋರಿಗೆ ಕಾಯಂ ಕೆಲಸ. ಬರೋ ವರ್ಷ ಯುಗಾದಿ ಹೊತ್ತಿಗೆ ಪರೀಕ್ಷೆ. ಜರ್ಮನಿಯವರೇ ಎದುರು ಕೂತು ಮಾತಾಡಿಸ್ತಾರೆ."

ಕೆಲಸ ಕಾಯಂ ಆಗದಿದ್ದರೆ ಮನೆ ಖಾಲಿ ಮಾಡಿ ಮುಂಬಯಿಯ ಮೈದುನನ ಮನೆ ಸೇರಬೇಕಿತ್ತು. ಅಲ್ಲಿ ಅಂಬುಜಾಳ ಪಾಲಿಗೆ ಅಡುಗೆಮನೆ, ಮಂಗಳಮ್ಮನ ಪಾಲಿಗೆ ಕಿಟಕಿ ಪಕ್ಕದ ಒಂದು ಕುರ್ಚಿ. ಬೆಳಗಾಗೆದ್ದು ಬಾಗಿಲು ತೆರೆದು ದೇವಿಯ ಬೆಟ್ಟದ ಕಡೆ ಕೈಮುಗಿಯುವ ಭಾಗ್ಯವೂ ಇಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಆಡದಿದ್ದರೂ ಇಬ್ಬರ ಮನಸ್ಸಿನಲ್ಲೂ ಅದೇ ಕೊರೆಯುತ್ತಿತ್ತು.

ಜರ್ಮನ್ ಕಲಿಯಲು ಊರಲ್ಲಿ ಎರಡು ದಾರಿಗಳಿದ್ದವು. ಕೃಷ್ಣಸ್ವಾಮಿ ಎಂಬ ಕಾಲೇಜು ಮೇಷ್ಟ್ರು ಒಂದು ಶಾಲೆಯ ಮಹಡಿಯಲ್ಲಿ ಸಂಜೆ ಹೊತ್ತು ಹತ್ತಾರು ಜನರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಇನ್ನೊಂದು ದಾರಿ ಇದ್ದದ್ದು ಅಂಬುಜಾಳ ಬೀದಿಯಲ್ಲೇ. ಅರಮನೆಯ ವಿದ್ಯುದ್ದೀಪಗಳ ವಿಭಾಗದಲ್ಲಿದ್ದು ನಿವೃತ್ತರಾದ ರಾಮಸ್ವಾಮಿಗಳು ಹರೆಯದಲ್ಲಿ ಜರ್ಮನಿಗೆ ಹೋಗಿ ಕೆಲಸ ಕಲಿತು ಬಂದವರು.

"ಆ ಮಹಡಿ ಮೇಲೆ ಅಷ್ಟು ಜನ ಗಂಡಸರ ಮಧ್ಯೆ ನೀನೊಬ್ಬಳೇ ಕೂತ್ಕೋತೀಯಾ?" ಎಂದರು ಮಂಗಳಮ್ಮ. "ರಾಮಸ್ವಾಮಿಗಳ ಹತ್ರ ಹೋಗು. ಒಬ್ಬಳೇ ಶಿಷ್ಯೆ ಅಂದ್ರೆ ಪಾಠವೆಲ್ಲ ನಿನಗೇ."

ಅಂಬುಜಾಳಿಗೂ ಅದೇ ಸರಿಯೆನಿಸಿತು. ಒಳ್ಳೆಯ ದಿನ ನೋಡಿ, ಫಲತಾಂಬೂಲ ಇಟ್ಟು ನಮಸ್ಕಾರ ಮಾಡಿ ಪಾಠಕ್ಕೆ ಕುಳಿತಳು.

ರಾಮಸ್ವಾಮಿಗಳಿಗೆ ಪಾಠ ಹೇಳುವ ಕ್ರಮ ಗೊತ್ತಿದ್ದದ್ದು ಒಂದೇ. ಚಿಕ್ಕಂದಿನಲ್ಲಿ ಅವರ ತಂದೆ ಅವರಿಗೆ ಮಂತ್ರ ಹೇಳಿಕೊಟ್ಟ ಕ್ರಮ. ಗುರು ಒಮ್ಮೆ ಹೇಳಬೇಕು, ಶಿಷ್ಯ ಅದನ್ನೇ ಎರಡು ಸಲ ಒಪ್ಪಿಸಬೇಕು, ನಡುವೆ ಮಾತಿಲ್ಲ. ಅವರು ಗೋಡೆಯ ಕಡೆ ನೋಡುತ್ತ "ರೈಲು ನಿಲ್ದಾಣ ದೊಡ್ಡದಾಗಿದೆ" ಎಂದು ಜರ್ಮನ್‌ನಲ್ಲಿ ಹೇಳುವರು. ಅಂಬುಜಾ ನೆಲ ನೋಡುತ್ತ ಎರಡು ಸಲ ಹೇಳುವಳು. "ಪೆಟ್ಟಿಗೆ ಭಾರವಾಗಿದೆ." ಮತ್ತೆ ಎರಡು ಸಲ. ಸಹಸ್ರನಾಮವನ್ನು ಕೇಳಿಯೇ ಕಲಿತಿದ್ದ ಅವಳಿಗೆ ಇದು ಕಷ್ಟವೇ ಅಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಜರ್ಮನಿಯಲ್ಲಿ ಕಲಿತಿದ್ದ ಪಾಠಪುಸ್ತಕ ಪೂರ್ತಿ ಅವಳ ಬಾಯಿಗೆ ಬಂತು. ಅರ್ಥವೂ ತಿಳಿದಿತ್ತು. ಹಿರಿಯರು ಹೆಣ್ಣುಮಗಳನ್ನು ಪ್ರಶ್ನೆ ಕೇಳಿ ಪೇಚಿಗೆ ಸಿಕ್ಕಿಸಬಾರದೆಂದು ಅವರು ಸುಮ್ಮನಿದ್ದರು. ಗುರುಗಳಿಗೆ ಎದುರು ಮಾತಾಡಬಾರದೆಂದು ಅವಳು ಸುಮ್ಮನಿದ್ದಳು.

ವಿಜಯದಶಮಿಯ ಸಂಜೆ ಸುಂದರೇಶ ಅವಳಿಗೊಂದು ಕೆಲಸ ವಹಿಸಿದರು. ಜರ್ಮನ್ ವಿಜ್ಞಾನಿಯೊಬ್ಬರ ಹೆಂಡತಿಯನ್ನು ಬನ್ನಿಮಂಟಪದ ಪಂಜಿನ ಕವಾಯತಿಗೆ ಕರೆದೊಯ್ಯಬೇಕು. ಅಂಬುಜಾ ಜರಿಯಂಚಿನ ಸೀರೆ ಉಟ್ಟು ಉತ್ಸಾಹದಿಂದ ಹೋದಳು. ಮೈದಾನದ ಆಚೆ ಸಾಲಾಗಿ ನಿಂತ ಬಸ್ಸುಗಳನ್ನು ತೋರಿಸಿ ಆ ಹೆಂಗಸು, ಇಷ್ಟೊಂದು ಜನ ಎಲ್ಲಿಂದ ಬಂದಿದ್ದಾರೆ ಎಂದು ಕೇಳಿದಳು. ಕೇಳಿದ್ದು ಅಂಬುಜಾಳಿಗೆ ಚೆನ್ನಾಗಿ ಅರ್ಥವಾಯಿತು. ಉತ್ತರಕ್ಕೆ ಬೇಕಾದ ಮಾತು ಪ್ರಯಾಣದ ಪಾಠದ ನಡುವೆ ಎಲ್ಲೋ ಇತ್ತು. ಆದರೆ ನಡುವಿನಿಂದ ಎತ್ತಿಕೊಳ್ಳುವುದು ಅವಳಿಗೆ ಗೊತ್ತಿರಲಿಲ್ಲ. ಮೊದಲಿನಿಂದಲೇ ಶುರುಮಾಡಿದಳು. ರೈಲು ನಿಲ್ದಾಣ ದೊಡ್ಡದಾಗಿದೆ, ಪೆಟ್ಟಿಗೆ ಭಾರವಾಗಿದೆ, ನನ್ನ ಚಿಕ್ಕಪ್ಪ ಟೋಪಿ ಮರೆತಿದ್ದಾನೆ. ಆ ಹೆಂಗಸು ಮೊದಲು ಬೆರಗಾದಳು, ಆಮೇಲೆ ನಕ್ಕಳು, ಕೊನೆಗೆ ಮಗುವಿನ ಪದ್ಯ ಕೇಳಿದವಳಂತೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಪಂಜುಗಳು ಉರಿದದ್ದೂ ತಿರುಗಿದ್ದೂ ಅಂಬುಜಾಳ ಕಣ್ಣಿಗೆ ಬೀಳಲೇ ಇಲ್ಲ.

ಮನೆಗೆ ಬಂದು ದೇವರ ಮುಂದೆ ಕುಳಿತಳು. ದೀಪದ ಬತ್ತಿ ಸರಿಮಾಡಿ, "ಅತ್ತೆ, ನಾನು ಮಹಡಿ ಪಾಠಕ್ಕೆ ಹೋಗ್ತೀನಿ" ಎಂದಳು.

"ಜನ ಏನಂತಾರೆ?"

"ಮುಂಬಯಿಗೆ ಹೋದ್ರೆ ಅಲ್ಲಿಯೋರು ಏನಂತಾರೆ ಅತ್ತೆ?"

"ರಾಮಸ್ವಾಮಿಗಳಿಗೆ ಮಾತ್ರ ನೀನೇ ಹೇಳು, ನನಗೆ ಆಗಲ್ಲ" ಎಂದರು ಮಂಗಳಮ್ಮ.

ಮಾರನೆಯ ದಿನ ಅಂಬುಜಾ ಹಣ್ಣು ಹೂವು ಹಿಡಿದು ಗುರುಗಳ ಮನೆಗೆ ಹೋದಳು. ಬನ್ನಿಮಂಟಪದಲ್ಲಿ ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. ಟೋಪಿ ಮರೆತ ಚಿಕ್ಕಪ್ಪನ ಮಾತು ಬಂದಾಗ ರಾಮಸ್ವಾಮಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಕೋಪ ಬಂತೋ ಏನೋ ಎಂದುಕೊಂಡಳು.

"ತಪ್ಪು ನಿನ್ನದಲ್ಲಮ್ಮ" ಎಂದರು ಅವರು. "ನಾನು ಅಲ್ಲಿಂದ ಬಂದಮೇಲೆ ಆ ಭಾಷೇಲಿ ಯಾರ ಜೊತೆಗೂ ಮಾತಾಡಿಲ್ಲ. ನನಗೂ ಈಗ ಒಪ್ಪಿಸೋದು ಬಿಟ್ರೆ ಬೇರೆ ಬರಲ್ಲ. ಆ ಮಹಡೀಲಿ ಮುದುಕರನ್ನ ಸೇರಿಸ್ಕೋತಾರಾ, ಕೇಳಿ ನೋಡು."

ಹಾಗೆ ಗುರು ಶಿಷ್ಯೆ ಇಬ್ಬರೂ ಒಂದೇ ತರಗತಿ ಸೇರಿದರು. ರಾಮಸ್ವಾಮಿಗಳು ಪೇಟ ಸುತ್ತಿ ಹಿಂದಿನ ಬೆಂಚಿನಲ್ಲಿ ಕೂರುವುದನ್ನು ನೋಡಿದ ಮೇಲೆ ಬೀದಿಯವರಿಗೂ ಆಡಿಕೊಳ್ಳಲು ಏನೂ ಸಿಗಲಿಲ್ಲ.

ಅಲ್ಲಿನ ಗಲಾಟೆಯೇ ಬೇರೆ. ಕೃಷ್ಣಸ್ವಾಮಿ ಮೇಷ್ಟ್ರು ಪುಸ್ತಕ ತೆರೆಯುತ್ತಿದ್ದದ್ದೇ ಅಪರೂಪ. ಇಬ್ಬಿಬ್ಬರನ್ನು ಎದುರು ಬದುರು ನಿಲ್ಲಿಸಿ, ಇವರು ಅಂಗಡಿಯವರು ಅವರು ಗಿರಾಕಿ, ಚೌಕಾಸಿ ಮಾಡಿ ಎನ್ನುವರು. ಅಂಬುಜಾಳಿಗೆ ಜೊತೆಯಾದವನು ಇಲವಾಲದ ದೇವರಾಜು. ಯಂತ್ರದ ಕೆಲಸ ಕಲಿಯಲು ಜರ್ಮನಿಗೆ ಹೊರಟಿದ್ದ ಅವನ ಮಾತಿಗೆ ಹಿಂದೂ ಇಲ್ಲ ಮುಂದೂ ಇಲ್ಲ, ಆದರೆ ನಿಲ್ಲುವುದೇ ಇಲ್ಲ. ಮೊದಲ ದಿನ ಅಂಬುಜಾ ಬದನೆಕಾಯಿ ಕೊಳ್ಳಲು ನಿಂತವಳು ಸೆರಗಿನ ತುದಿ ತಿರುವುತ್ತ ನಿಂತೇಬಿಟ್ಟಳು.

"ಅಕ್ಕಾವ್ರೇ, ಕಾಯಿ ಬಾಡೋಯ್ತದೆ, ಏನಾರ ಅಂದ್ಬುಡಿ" ಎಂದ ದೇವರಾಜು.

"ತಪ್ಪಾದ್ರೆ?"

"ತಪ್ಪಾದ್ರೆ ನಾನಿಲ್ವಾ? ನನ್ ಮುಂದೆ ನಿಮ್ದು ಎಂಗಿದ್ರೂ ಚೆಂದಾಗೇ ಕಾಣ್ತದೆ."

ತರಗತಿಯೆಲ್ಲ ನಕ್ಕಿತು, ಅಂಬುಜಾಳೂ ನಕ್ಕಳು. ನಗುವಿನ ನಡುವೆ ಒಂದು ಮಾತು ಆಡಿಯೇಬಿಟ್ಟಳು. ತಪ್ಪಾಗಿತ್ತು. ಆದರೂ ದೇವರಾಜು ಬದನೆಕಾಯಿ ತೂಗಿದ. ಆ ದಿನದಿಂದ ಅವಳೊಳಗೆ ಗಂಟು ಕಟ್ಟಿದ್ದ ಪಾಠಗಳು ಒಂದೊಂದಾಗಿ ಬಿಚ್ಚಿಕೊಂಡವು. ರಾಮಸ್ವಾಮಿಗಳು ಕಟ್ಟಿಕೊಟ್ಟ ಬುತ್ತಿಯೇ ಅದು, ಉಣ್ಣುವುದನ್ನು ಇಲ್ಲಿ ಕಲಿತಳು. ಹಿಂದಿನ ಬೆಂಚಿನಲ್ಲಿ ರಾಮಸ್ವಾಮಿಗಳೂ ಬಟ್ಟೆ ವ್ಯಾಪಾರಿಯಾಗಿ ಜೋರು ಚೌಕಾಸಿಗೆ ಇಳಿದಿದ್ದರು.

ಪರೀಕ್ಷೆಯ ದಿನ ಅಂಬುಜಾ ಬಾಗಿಲಲ್ಲಿ ನಿಂತು ಬೆಟ್ಟಕ್ಕೆ ಕೈಮುಗಿದು ಹೊರಟಳು. ರಾಮಸ್ವಾಮಿಗಳು ಜೊತೆಗೆ ಬಂದು ಸಂಶೋಧನಾಲಯದ ಹೊರಗೆ ಹೊಂಗೆ ಮರದ ನೆರಳಲ್ಲಿ ಕುಳಿತರು. ಪತ್ರಿಕೆ ಓದಿ ಅರ್ಥ ಹೇಳುವುದು ಸಲೀಸಾಗಿ ಮುಗಿಯಿತು. ಆಮೇಲೆ ಎದುರು ಕುಳಿತ ಜರ್ಮನ್ ವಿಜ್ಞಾನಿ, ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಎಂದು ಕೇಳಿದರು. ಅದು ಯಾವ ಪಾಠದಲ್ಲೂ ಇರಲಿಲ್ಲ. ಅವಳಿಗೆ ಬಾಡಿಹೋಗುತ್ತಿರುವ ಬದನೆಕಾಯಿ ನೆನಪಾಯಿತು.

ರಂಗೋಲಿ ಇಟ್ಟೆ ಎಂದಳು. ಹಾಲು ಉಕ್ಕಿತು, ಅತ್ತೆ ಗೊಣಗಿದರು, ನನಗೆ ಈ ಪರೀಕ್ಷೆಯದೇ ಯೋಚನೆ ಎಂದಳು. ರಂಗೋಲಿಗೆ ಜರ್ಮನ್ ಮಾತು ತಿಳಿಯದೆ ಬೆರಳಿನಲ್ಲಿ ಮೇಜಿನ ಮೇಲೆ ಬರೆದು ತೋರಿಸಿದಳು. ಆತ ಮುಂದೆ ಬಾಗಿ ನೋಡಿದರು. ಆಗ ಅವಳು, ತನಗೇ ತಿಳಿಯದ ಹಾಗೆ, ನಿಮ್ಮ ಮನೆಯ ಬಾಗಿಲಿಗೆ ಏನು ಇಡುತ್ತೀರಿ ಎಂದು ಅವರನ್ನೇ ಕೇಳಿದಳು. ಆತ ಹೇಳಿದರು, ಇವಳು ಮತ್ತೆ ಕೇಳಿದಳು. ಪಕ್ಕದಲ್ಲಿದ್ದ ಸುಂದರೇಶ ಕೊನೆಗೆ, "ಸಾಕು ಕಣಮ್ಮ, ಪರೀಕ್ಷೆ ಅವರಿಗಲ್ಲ, ನಿನಗೆ" ಎನ್ನಬೇಕಾಯಿತು. ಫಲಿತಾಂಶವನ್ನೂ ಅಲ್ಲೇ ಹೇಳಿಬಿಟ್ಟರು.

ಹೊರಗೆ ಬಂದಾಗ ರಾಮಸ್ವಾಮಿಗಳು ಎದ್ದು ನಿಂತು, ಏನಾಯಿತೆಂದು ಜರ್ಮನ್‌ನಲ್ಲೇ ಕೇಳಿದರು, ಅವಳ ಮುಖವನ್ನು ನೇರವಾಗಿ ನೋಡುತ್ತ. ಅಂಬುಜಾ ಜರ್ಮನ್‌ನಲ್ಲೇ ಹೇಳಿದಳು. ಅವರು ಮತ್ತೇನೋ ಕೇಳಿದರು, ಅವಳು ಅಲ್ಲವೆಂದಳು, ಅವರು ಹೌದೆಂದರು. ಹಾಗೆಯೇ ಮಾತಾಡುತ್ತ ಅಗ್ರಹಾರದ ಬೀದಿಗೆ ಬಂದರು.

ಮಂಗಳಮ್ಮ ಬಾಗಿಲಲ್ಲೇ ಕಾದಿದ್ದರು. "ಅದ್ಯಾಕೆ ಇಬ್ಬರೂ ಜಗಳ ಆಡ್ಕೊಂಡು ಬರ್ತಿದೀರಿ?"

"ಜಗಳ ಅಲ್ಲ ಅತ್ತೆ. ಕೆಲಸ ಕಾಯಂ ಆಯ್ತು."

ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಟ್ಟದ ಕಡೆ ತಿರುಗಿ ನಿಂತರು. ಕೈಮುಗಿದು, ಸೊಸೆಗೆ ಹೇಳಿದರು:

"ಮುಂಬಯಿಗೆ ಬರೆದು ಹಾಕು. ನಾವು ಬರೋದಿಲ್ಲ, ದಸರಾಕ್ಕೆ ಅವರೇ ಇಲ್ಲಿಗೆ ಬರಲಿ."